ಹಸಿ ಬಾಣಂತಿಯ ಉಡುಪು

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮಲ್ಲಿ ಬಲು ಹಳೆಯ ಗಾದೆ. ಉಣ್ಣುವಾಗ ನಿನ್ನ ನಾಲಗೆಯ ಮಾತನ್ನು ಕೇಳು, ಉಡುವಾಗ ನಾಲ್ವರ ಕಣ್ಣಿಗೆ ಒಪ್ಪುವಂತೆ ಉಡು ಎಂಬುದು ಅದರ ತಾತ್ಪರ್ಯ. ಆದರೆ ಈ ಗಾದೆಯ ಮಾತು ನಡೆಯದ ಸ್ಥಳವೊಂದುಂಟು. ಅದು ಬಾಣಂತಿಯ ಕೋಣೆ. ಅಲ್ಲಿ ಊಟವಂತೂ ಪರರಿಚ್ಛೆ. ಮೆಣಸಿನ ಸಾರು ಎಷ್ಟು, ತುಪ್ಪ ಎಷ್ಟು, ಕುಡಿಯುವ ನೀರು ಎಷ್ಟು ಎಂಬುದನ್ನೆಲ್ಲ ತಾಯಿಯೋ ಅಜ್ಜಿಯೋ ನಿಶ್ಚಯಿಸುತ್ತಾರೆ. ಹಾಗಿರುವಾಗ ಉಡುಪಾದರೂ ಅವಳ ಇಚ್ಛೆಗೆ, ಅವಳ ಅನುಕೂಲಕ್ಕೆ ಸೇರಬೇಡವೇ?

ಏಳನೆಯ ತಿಂಗಳು ತುಂಬುತ್ತಲೇ ನಮ್ಮ ಮನೆಗಳಲ್ಲಿ ಸಿದ್ಧತೆಗಳು ಆರಂಭವಾಗುತ್ತವೆ. ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯುತ್ತದೆ. ಲೇಹ್ಯದ ಸಾಮಾನುಗಳ ಪಟ್ಟಿ ಸಿದ್ಧವಾಗುತ್ತದೆ. ಹುಟ್ಟಲಿರುವ ಕೂಸಿಗೆ ಕುಲಾವಿ, ಅಂಗಿ, ಕಾಲುಚೀಲಗಳು ಬರುತ್ತವೆ. ಆದರೆ ಆ ಕೂಸಿಗೆ ಹಗಲಿರುಳು ಹಾಲೂಡಿಸಬೇಕಾದವಳು ಏನನ್ನು ತೊಡುವಳು ಎಂಬ ಪ್ರಶ್ನೆ ಯಾರ ಮನಸ್ಸಿಗೂ ಬರುವುದಿಲ್ಲ. ಆಸ್ಪತ್ರೆಯಿಂದ ಬಂದ ದಿನ ಪೆಟ್ಟಿಗೆ ತೆರೆದು ನೋಡಿದರೆ ಹಳೆಯ ರವಿಕೆಗಳಾವುವೂ ಹಿಡಿಸುವುದಿಲ್ಲ, ಹೊಸವು ಹೊಲಿಸಿಲ್ಲ. ಅಂದಿನಿಂದ ತಾಯಿಯ ಕಷ್ಟ ಮೊದಲಾಗುತ್ತದೆ. ಅದರೊಡನೆ ಮಗುವಿನ ಕಷ್ಟವೂ.

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕವನ್ನು ದಾಟಿ, ವಾಯುನೆಲೆಯನ್ನು ಹಿಂದಕ್ಕಿಟ್ಟು ಉತ್ತರಕ್ಕೆ ಸಾಗಿದರೆ ಹುಣಸಮಾರನಹಳ್ಳಿ ಸಿಗುತ್ತದೆ. ಒಂದು ಕಾಲಕ್ಕೆ ಹೊಲ ತೋಟಗಳ ನಡುವಣ ಹಳ್ಳಿಯಾಗಿದ್ದ ಇಲ್ಲಿಗೆ ಕಾಲೇಜುಗಳು ಬಂದವು. ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಊರಿನ ಚಹರೆಯೇ ಬದಲಾಯಿತು. ಇಂದು ಹಳೆಯ ಹೆಂಚಿನ ಮನೆಗಳ ಪಕ್ಕದಲ್ಲೇ ಬಹುಮಹಡಿ ವಸತಿಗಳಿವೆ. ಇಂಥ ಊರಿನಲ್ಲಿ ಬಾಣಂತನವೂ ಎರಡು ಬಗೆ. ಒಂದೆಡೆ ಬಚ್ಚಲ ಹಂಡೆಯ ಬಿಸಿನೀರು, ಸಾಂಬ್ರಾಣಿಯ ಹೊಗೆ, ತಲೆಗೆ ಕಟ್ಟಿದ ಬಟ್ಟೆ. ಇನ್ನೊಂದೆಡೆ ಐದನೆಯ ಮಹಡಿಯ ಕಿರುಕೋಣೆ, ಗಂಡ ಹೆಂಡಿರಿಬ್ಬರೇ, ಊರಿನಿಂದ ಬಂದ ತಾಯಿ ಒಂದು ತಿಂಗಳಿದ್ದು ಹೊರಡುವ ಅವಸರ. ಬಗೆ ಎರಡಾದರೂ ಬಾಣಂತಿಯ ದೇಹದ ಬೇಡಿಕೆ ಒಂದೇ.

ದೇಹ ಕೇಳುವುದೇನು?

ಮೊದಲ ದಿನಗಳಲ್ಲಿ ಸುರಿಯುವ ಗಿಣ್ಣುಹಾಲು ಸ್ವಲ್ಪವೇ; ಎರಡನೆಯ ದಿನದಿಂದ ಐದನೆಯ ದಿನದೊಳಗೆ ಹಾಲು ತುಂಬಿ ಬರುತ್ತದೆ. ಆಗ ಎದೆ ಬಿಗಿದು ಭಾರವಾಗಿ, ಮೊನ್ನೆಯವರೆಗೆ ಸರಿಹೋಗುತ್ತಿದ್ದ ರವಿಕೆ ಇಂದು ಉಸಿರು ಕಟ್ಟಿಸುತ್ತದೆ. ಅದರ ಮೇಲೆ ಬೆವರು. ಬಸಿರಿನಲ್ಲಿ ಸೇರಿಕೊಂಡಿದ್ದ ನೀರನ್ನು ದೇಹ ಹೊರಹಾಕುವ ಕಾಲವಾದ್ದರಿಂದ ರಾತ್ರಿ ಬಾಣಂತಿಯ ಬಟ್ಟೆ ತೊಯ್ದು ಹೋಗುವುದು ಸಹಜ. ಸ್ರಾವವಂತೂ ನಾಲ್ಕರಿಂದ ಆರು ವಾರಗಳವರೆಗೆ ಇರುತ್ತದೆ. ಶಸ್ತ್ರಚಿಕಿತ್ಸೆಯಿಂದ ಹೆತ್ತವಳಿಗೆ ಕಿಬ್ಬೊಟ್ಟೆಯ ಮೇಲೆ ಹೊಲಿಗೆಯ ಗಾಯ ಬೇರೆ.

ಆದುದರಿಂದ ಬಾಣಂತಿಯ ಬಟ್ಟೆಗೆ ಬೇಕಾದ ಗುಣಗಳು ನಾಲ್ಕು: ಬೆವರನ್ನೂ ಹಾಲನ್ನೂ ಹೀರಬೇಕು, ಸಡಿಲವಾಗಿರಬೇಕು, ಎದೆಯ ಬಳಿ ಸುಲಭವಾಗಿ ತೆರೆಯಬೇಕು, ದಿನವೂ ಬಿಸಿನೀರಿನಲ್ಲಿ ಒಗೆದರೂ ಬಾಳಬೇಕು. ಈ ನಾಲ್ಕೂ ಕೂಡಿರುವುದು ಹತ್ತಿಯಲ್ಲಿ. ಮಲ್ಲು, ವಾಯಿಲ್, ಕೇಂಬ್ರಿಕ್ ಬಟ್ಟೆಗಳು ಉತ್ತಮ. ನೈಲಾನ್, ಪಾಲಿಯೆಸ್ಟರ್‌ಗಳು ನೋಟಕ್ಕೆ ಹೊಳೆದರೂ ಬೆವರನ್ನು ಹೀರುವುದಿಲ್ಲ. ಹೊಸ ಬಟ್ಟೆಯಾದರೆ ತೊಡುವ ಮುನ್ನ ಒಂದೆರಡು ಬಾರಿ ಒಗೆಯುವುದು ವಿವೇಕ. ಗಂಜಿಯೂ ಹೆಚ್ಚಿನ ಬಣ್ಣವೂ ಹೋಗಿ ಕೂಸಿನ ಕೆನ್ನೆಗೆ ಹಿತವಾಗುತ್ತದೆ.

ಹಿರಿಯರ ಜಾಣತನ

ಈ ವಿಚಾರದಲ್ಲಿ ನಮ್ಮ ಹಿರಿಯರು ಅಜ್ಞಾನಿಗಳಾಗಿರಲಿಲ್ಲ. ಉತ್ತರ ಕರ್ನಾಟಕದ ಇಳಕಲ್ ಸೀರೆಯ ಜೊತೆಗಾರ ಉಡುಗೆ ಗುಳೇದಗುಡ್ಡದ ಖಣದ ಕುಪ್ಪಸ. ಗುಂಡಿಯಿಲ್ಲ, ಹುಕ್ಕಿಲ್ಲ, ಎದೆಯ ಕೆಳಗೆ ಎರಡು ತುದಿಗಳನ್ನು ತಂದು ಗಂಟು ಹಾಕಿದರೆ ಮುಗಿಯಿತು. ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯಿಂದ ಬಿಚ್ಚಬಹುದು. ಎದೆ ತುಂಬಿದಾಗ ಗಂಟನ್ನು ಸಡಿಲಿಸಬಹುದು, ಬತ್ತಿದಾಗ ಬಿಗಿ ಮಾಡಬಹುದು. ಆ ಸೀಮೆಯಲ್ಲಿ ಸೀಮಂತದ ಕಾರ್ಯಕ್ಕೇ ‘ಕುಬಸ’ವೆಂಬ ಹೆಸರು. ತಾಯಾಗಲಿರುವವಳಿಗೆ ಮಾಡುವ ಶುಭಕಾರ್ಯವನ್ನು ಒಂದು ಉಡುಪಿನ ಹೆಸರಿನಿಂದಲೇ ಕರೆದ ನಾಡಿನಲ್ಲಿ, ಇಂದು ಅದೇ ಉಡುಪಿನ ವಿಚಾರವನ್ನು ಮರೆತಿರುವುದು ಸೋಜಿಗ.

ಹಳೆಯ ಮೈಸೂರು ಸೀಮೆಯ ಅಜ್ಜಿಯರು ತೊಟ್ಟು ಸವೆದ ಹತ್ತಿಯ ಸೀರೆಗಳನ್ನು ಬಾಣಂತನಕ್ಕೆಂದೇ ಕೂಡಿಡುತ್ತಿದ್ದರು. ನೂರು ಬಾರಿ ಒಗೆದ ಬಟ್ಟೆಯ ಮೃದುತ್ವ ಯಾವ ಅಂಗಡಿಯಲ್ಲೂ ಸಿಗದು. ಅದರಲ್ಲಿ ಉಡಲು ಒಂದು ಭಾಗ, ಹೊಟ್ಟೆಗೆ ಕಟ್ಟಲು ಒಂದು ಭಾಗ, ಕೂಸನ್ನು ಸುತ್ತಲು ಒಂದು ಭಾಗ. ಬಡತನದ ಉಪಾಯವೆಂದು ಇದನ್ನು ಹೀಗಳೆಯಬಾರದು. ಶುಚಿಯಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿದರೆ ಇಂದಿಗೂ ಇದಕ್ಕಿಂತ ಮೇಲಾದ ಬಟ್ಟೆಯಿಲ್ಲ.

ರವಿಕೆಯ ಲೆಕ್ಕ

ಎಳೆಗೂಸು ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಬಾರಿ ಹಾಲು ಕುಡಿಯುತ್ತದೆ. ರವಿಕೆಗೆ ಆರು ಹುಕ್ಕುಗಳೆಂದಿಟ್ಟುಕೊಂಡರೆ, ಹತ್ತು ಬಾರಿಗೆ ಅರವತ್ತು ಹುಕ್ಕುಗಳನ್ನು ತೆಗೆದು ಅರವತ್ತು ಹುಕ್ಕುಗಳನ್ನು ಹಾಕಬೇಕು. ಅದರಲ್ಲಿ ಅರ್ಧ ಕತ್ತಲೆಯಲ್ಲಿ, ನಿದ್ದೆಗಣ್ಣಿನಲ್ಲಿ, ಅಳುವ ಕೂಸಿನ ಮುಂದೆ. ಬೆನ್ನಿನ ಕಡೆ ಹುಕ್ಕಿರುವ ಇಂದಿನ ಫ್ಯಾಷನ್ನಿನ ರವಿಕೆಯಾದರಂತೂ ಹೇಳುವುದೇ ಬೇಡ.

ಇದಕ್ಕೆ ದುಬಾರಿಯ ಪರಿಹಾರ ಬೇಕಿಲ್ಲ. ಊರಿನ ದರ್ಜಿಯ ಬಳಿ ಎಂಟನೆಯ ತಿಂಗಳಲ್ಲಿ ಮೂರು ನಾಲ್ಕು ಹತ್ತಿಯ ರವಿಕೆಗಳನ್ನು ಹೊಲಿಸಿರಿ. ಮುಂದೆ ತೆರೆಯುವಂತಿರಲಿ, ಹುಕ್ಕಿನ ಬದಲು ಒತ್ತಿದರೆ ಕೂಡುವ ಟಿಚ್ ಬಟನ್‌ಗಳಿರಲಿ. ಪಕ್ಕದ ಹೊಲಿಗೆಯೊಳಗೆ ಎರಡೆರಡು ಅಂಗುಲ ಬಟ್ಟೆ ಬಿಡಿಸಿಕೊಂಡರೆ ಬೇಕಾದಾಗ ಬಿಚ್ಚಿ ಅಗಲಿಸಬಹುದು. ತೋಳು ಸಡಿಲವಿರಲಿ, ಕುತ್ತಿಗೆಯ ಬಳಿ ಜರಿ, ಮಣಿಗಳ ಕೆಲಸ ಬೇಡ. ಅವು ಕೂಸಿನ ಮುಖಕ್ಕೆ ಒತ್ತುತ್ತವೆ. ಸೆರಗಿಗೆ ಪಿನ್ನು ಚುಚ್ಚುವ ಅಭ್ಯಾಸವನ್ನು ಈ ಕೆಲವು ತಿಂಗಳು ಬಿಟ್ಟೇ ಬಿಡಬೇಕು.

ನೈಟಿಯು ಇಂದು ಮನೆಮನೆಯ ಉಡುಪಾಗಿದೆ. ಹಾಲೂಡಿಸಲೆಂದೇ ಎದೆಯ ಎರಡೂ ಬದಿಗೆ ಮಡಿಕೆಯೊಳಗೆ ಜಿಪ್ಪು ಇಟ್ಟು ಹೊಲಿದವು ಅಂಗಡಿಗಳಲ್ಲಿ ದೊರೆಯುತ್ತವೆ. ಕೊಳ್ಳುವಾಗ ಜಿಪ್ಪಿನ ಒಳಬದಿಗೆ ಬಟ್ಟೆಯ ಪಟ್ಟಿ ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿರಿ. ಇಲ್ಲದಿದ್ದರೆ ಲೋಹದ ಹಲ್ಲುಗಳು ತಾಯಿಗೂ ಮಗುವಿಗೂ ಗೀರುತ್ತವೆ.

ಒಳ ಉಡುಪಿನ ವಿಚಾರದಲ್ಲಿ ಸಂಕೋಚದಿಂದ ಸುಮ್ಮನಿರುವುದು ಅಪಾಯಕರ. ಬಿಗಿಯಾದ ಅಥವಾ ತಂತಿಯಿರುವ ಬ್ರಾ ಎದೆಯನ್ನು ಒಂದೇ ಕಡೆ ಒತ್ತಿದರೆ ಅಲ್ಲಿ ಹಾಲು ಕಟ್ಟಿಕೊಂಡು ಗಂಟಾಗಬಹುದು. ಅದು ಕೆಂಪಾಗಿ, ನೋವಾಗಿ, ಚಳಿಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಾಗೆಂದು ಹಾಲೂಡಿಸುವುದನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಕಟ್ಟು ಇನ್ನೂ ಹೆಚ್ಚುತ್ತದೆ. ಹಾಲು ತುಂಬಿದ ಮೇಲೆ ಅಳತೆ ನೋಡಿಕೊಂಡು ಕೊಳ್ಳುವುದು ಒಳ್ಳೆಯದು. ಸೋರುವ ಹಾಲಿಗೆ ಮೆತ್ತನೆಯ ಹತ್ತಿಬಟ್ಟೆಯ ಮಡಿಕೆ ಸಾಕು, ಒದ್ದೆಯಾದೊಡನೆ ಬದಲಿಸಬೇಕು.

ಹೊಟ್ಟೆಯ ಕಟ್ಟು

ಸೊಂಟಕ್ಕೆ ಸೀರೆಯ ಪಟ್ಟಿ ಬಿಗಿಯುವ ಪದ್ಧತಿಯ ಬಗ್ಗೆ ತಾಯಂದಿರಿಗೂ ಮಕ್ಕಳಿಗೂ ವಾದ ನಡೆಯುವುದುಂಟು. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಶಸ್ತ್ರಚಿಕಿತ್ಸೆಯಾದವರಿಗೆ ಎದ್ದು ನಡೆಯುವಾಗ ಹಗುರವಾದ ಕಟ್ಟು ಆಸರೆ ಕೊಡುತ್ತದೆ, ನೋವು ತಗ್ಗಿಸುತ್ತದೆ. ಆದರೆ ಕಟ್ಟಿನಿಂದಲೇ ಹೊಟ್ಟೆ ಕರಗುತ್ತದೆಂಬುದು ಭ್ರಮೆ. ಗರ್ಭಕೋಶವು ಸುಮಾರು ಆರು ವಾರಗಳಲ್ಲಿ ತಾನಾಗಿಯೇ ಮೊದಲಿನ ಗಾತ್ರಕ್ಕೆ ಬರುತ್ತದೆ. ಉಸಿರಾಡಲು ಕಷ್ಟವಾಗುವಷ್ಟು ಬಿಗಿದರೆ ಭಾರವೆಲ್ಲ ಕೆಳಕ್ಕೆ ಒತ್ತಿ, ಆಗಲೇ ಬಳಲಿದ ಸ್ನಾಯುಗಳು ಮತ್ತಷ್ಟು ಬಳಲುತ್ತವೆ. ಕಟ್ಟಿನೊಳಗೆ ಅಂಗೈ ಸಲೀಸಾಗಿ ತೂರುವಂತಿರಲಿ, ಮಲಗುವಾಗ ಬಿಚ್ಚಿಡಲಿ. ಒಳಲಂಗದ ಲಾಡಿ ಗಾಯದ ಮೇಲೆ ಬೀಳದಂತೆ ಮೇಲಕ್ಕೆ ಕಟ್ಟಿಕೊಳ್ಳಲಿ.

೨೦೦೭ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ‘ಮಡಿಲು’ ಯೋಜನೆಯನ್ನು ಇಲ್ಲಿ ನೆನೆಯಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಕೊಟ್ಟ ಆ ಚೀಲದಲ್ಲಿ ಕೂಸಿಗೆ ಸ್ವೆಟರು, ಟೋಪಿ, ಕಾಲುಚೀಲಗಳಿದ್ದಂತೆ ತಾಯಿಗೆ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇತ್ತು. ಕೊಡುಗೆಯನ್ನು ಕೂಸಿಗಷ್ಟೇ ಮೀಸಲಿಡದೆ ತಾಯಿಯನ್ನೂ ನೆನೆದ ಆ ಕ್ರಮ ನಮ್ಮ ಮನೆಗಳಿಗೂ ಮೇಲ್ಪಂಕ್ತಿಯಾಗಬೇಕು.

ಕೆಂಡದ ಬಳಿ ಎಚ್ಚರ

ಸಮುದ್ರಮಟ್ಟದಿಂದ ಒಂಬೈನೂರು ಮೀಟರಿನಷ್ಟು ಎತ್ತರದಲ್ಲಿರುವ ಬೆಂಗಳೂರು ಸೀಮೆಯಲ್ಲಿ ಮಾಗಿಯ ಚಳಿ ಬಾಣಂತಿಗೆ ತೊಂದರೆಯೇ. ಅದಕ್ಕಾಗಿ ಒಂದೇ ದಪ್ಪ ಉಡುಪಿಗಿಂತ ತೆಳುವಾದ ಎರಡು ಪದರಗಳು ಲೇಸು. ಬೆವರಿದಾಗ ಒಂದನ್ನು ತೆಗೆಯಬಹುದು. ಮುಂದೆ ಗುಂಡಿಯಿರುವ ಸ್ವೆಟರು ಹಾಲೂಡಿಸುವಾಗ ಬೆನ್ನನ್ನು ಬೆಚ್ಚಗಿಡುತ್ತದೆ. ತಲೆಗೆ ಕಟ್ಟುವ ಬಟ್ಟೆ ಹಿತವೆನಿಸಿದರೆ ಕಟ್ಟಿಕೊಳ್ಳಲಿ. ಬೇಸಗೆಯಲ್ಲಿ ಬಲವಂತ ಬೇಡ.

ಸ್ನಾನವಾದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂದಲು ಒಣಗಿಸುವ ವಾಡಿಕೆ ಇನ್ನೂ ಇದೆ. ಆಗ ಮೈಮೇಲೆ ನೈಲಾನ್ ನೈಟಿಯಿದ್ದರೆ ಅನಾಹುತ ಕಟ್ಟಿಟ್ಟ ಬುತ್ತಿ. ಇಂಥ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕೆಂಡದ ಹತ್ತಿರ ಹತ್ತಿಯ ಬಟ್ಟೆಯೇ ಇರಬೇಕು, ಸೆರಗನ್ನು ಬಿಗಿಯಾಗಿ ಸಿಕ್ಕಿಸಿರಬೇಕು. ಕೂಸನ್ನಂತೂ ಆ ಹೊಗೆಯಿಂದ ದೂರವಿಡುವುದೇ ಅದರ ಶ್ವಾಸಕೋಶಕ್ಕೆ ಕ್ಷೇಮ.

ಎದೆಗೆ ಎದೆ

ಮುಂದೆ ತೆರೆಯುವ ಉಡುಪು ಪ್ರಾಣ ಉಳಿಸಬಲ್ಲದೆಂದರೆ ಕೆಲವರಿಗೆ ಅತಿಶಯೋಕ್ತಿಯೆನಿಸಬಹುದು. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಬರಿಯ ಎದೆಗೆ ಒತ್ತಿ ಕಟ್ಟಿ, ಮೇಲೆ ಬಟ್ಟೆ ಹೊದಿಸಿ ಗಂಟೆಗಟ್ಟಲೆ ಇಡುವ ‘ಕಾಂಗರೂ ಆರೈಕೆ’ ಎಪ್ಪತ್ತರ ದಶಕದ ಕೊನೆಯಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಆರಂಭವಾಯಿತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿ ೨೦೨೧ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದೊಡನೆ ಹೀಗೆ ಆರೈಕೆ ಪಡೆದ ಕಡಿಮೆ ತೂಕದ ಶಿಶುಗಳ ಸಾವು ಶೇಕಡಾ ೨೫ರಷ್ಟು ಇಳಿದುದು ಕಂಡುಬಂತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಸಂಸ್ಥೆ ಸರ್ಕಾರದೊಡಗೂಡಿ ಈ ಕ್ರಮವನ್ನು ಹಳ್ಳಿಗಳವರೆಗೆ ಒಯ್ದಿತು. ಇದಕ್ಕೆ ಯಂತ್ರ ಬೇಡ, ವಿದ್ಯುತ್ ಬೇಡ; ಬೇಕಾದುದು ಮುಂದೆ ಬಿಚ್ಚುವ ಒಂದು ಸಡಿಲ ರವಿಕೆ.

ಹೊಸಿಲು ದಾಟಿದಾಗ

ಲಸಿಕೆಗಾಗಿ ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರಗಳಲ್ಲಿ ಕೂಸನ್ನೆತ್ತಿಕೊಂಡು ಹೊರಡಲೇಬೇಕು. ಹುಣಸಮಾರನಹಳ್ಳಿಯಿಂದ ಯಲಹಂಕಕ್ಕೆ ಹೊರಟ ವಾಹನ ಬಳ್ಳಾರಿ ರಸ್ತೆಯ ದಟ್ಟಣೆಯಲ್ಲಿ ನಿಂತಾಗ ಕೂಸು ಹಸಿದು ಅತ್ತರೆ ತಾಯಿ ಏನು ಮಾಡಬೇಕು? ನಾಚಿಕೆಗಂಜಿ ಬಾಟಲಿಯನ್ನು ಹಿಡಿದವರು ಅನೇಕರು. ಅಗಲವಾದ ಸೆರಗು, ಇಲ್ಲವೆ ಎರಡು ಮೊಳದ ತೆಳು ಮಲ್ಲುಬಟ್ಟೆ ಹೆಗಲ ಮೇಲಿದ್ದರೆ ಈ ಕಷ್ಟವಿಲ್ಲ. ಚೂಡಿದಾರ ತೊಡುವವರು ಅಗಲ ದುಪಟ್ಟದೊಡನೆ ಮುಂದೆ ಗುಂಡಿಯಿರುವ ಕುರ್ತಾ ಹೊಲಿಸಿಕೊಳ್ಳಲಿ. ಹೊದಿಸಿದ ಬಟ್ಟೆಯೊಳಗೆ ಗಾಳಿಯಾಡುತ್ತಿರಲಿ, ಕೂಸಿನ ಮೂಗು ಮುಚ್ಚದಿರಲಿ.

ಆದರೆ ಹೊದಿಕೆ ತಾಯಿಯ ಅನುಕೂಲಕ್ಕೇ ಹೊರತು ಅಪರಾಧವನ್ನು ಮರೆಮಾಡಲಿಕ್ಕಲ್ಲ. ಹಾಲೂಡಿಸುವುದು ತಾಯಿಯ ಬಿಟ್ಟುಕೊಡಲಾಗದ ಹಕ್ಕೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಸಾರಿತು. ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೊಠಡಿಗಳನ್ನು ಏರ್ಪಡಿಸುವಂತೆ ರಾಜ್ಯಗಳಿಗೆ ನೆನಪೋಲೆ ಕಳಿಸಬೇಕೆಂದು ೨೦೨೫ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರಕ್ಕೆ ನಿರ್ದೇಶಿಸಿತು. ೧೯೬೧ರ ಹೆರಿಗೆ ಸೌಲಭ್ಯ ಕಾನೂನು, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವನ್ನು ಕೊಟ್ಟಿತು. ೨೦೧೭ರ ತಿದ್ದುಪಡಿ ಹೆರಿಗೆ ರಜೆಯನ್ನು ಹನ್ನೆರಡು ವಾರಗಳಿಂದ ಇಪ್ಪತ್ತಾರಕ್ಕೆ ಏರಿಸಿತು. ಆರು ತಿಂಗಳು ತಾಯಿಯ ಹಾಲನ್ನಷ್ಟೇ ಕೊಡಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಇದು ಹೊಂದುತ್ತದೆ. ಆದರೂ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕಂಡ ಮಕ್ಕಳು ಭಾರತದಲ್ಲಿ ಶೇಕಡಾ ೪೧.೮ ಮಾತ್ರ. ಇದಕ್ಕೆ ಕಾರಣಗಳು ಹಲವು; ಅವೆಲ್ಲವನ್ನೂ ಉಡುಪು ನೀಗದು. ಆದರೆ ಆ ಮೊದಲ ಗಂಟೆಯಲ್ಲಿ ತಾಯಿಯ ಮೈಮೇಲೆ ಬಿಚ್ಚಲಾರದ ಉಡುಪಿರದಂತೆ ನೋಡಿಕೊಳ್ಳುವುದಾದರೂ ನಮ್ಮ ಕೈಯಲ್ಲಿದೆ.

ಚೀಲಕ್ಕೆ ಸೇರಬೇಕಾದವು

ಎಂಟನೆಯ ತಿಂಗಳು ಮುಗಿಯುವುದರೊಳಗೆ ಈ ಬಟ್ಟೆಗಳನ್ನು ಒಗೆದು ಮಡಿಸಿಟ್ಟಿರಿ: ಮುಂದೆ ತೆರೆಯುವ ಹತ್ತಿಯ ರವಿಕೆ ಅಥವಾ ನೈಟಿ ನಾಲ್ಕು, ಸವೆದ ಹತ್ತಿಯ ಸೀರೆ ಎರಡು, ಮೇಲಕ್ಕೆ ಕಟ್ಟಬಹುದಾದ ಒಳಲಂಗ ಮೂರು, ತಂತಿಯಿಲ್ಲದ ಹತ್ತಿಯ ಬ್ರಾ ಎರಡು, ಎದೆಗಿಡುವ ಬಟ್ಟೆಯ ಮಡಿಕೆ ಒಂದು ಡಜನ್, ಗುಂಡಿಯ ಸ್ವೆಟರು ಒಂದು, ಹೊದೆಯುವ ಮಲ್ಲುಬಟ್ಟೆ ಎರಡು.

ಇದನ್ನು ಸಿದ್ಧಪಡಿಸುವ ಹೊಣೆ ಬಸುರಿಯೊಬ್ಬಳದೇ ಅಲ್ಲ. ತೊಟ್ಟಿಲನ್ನು ಆರಿಸಲು ಉತ್ಸಾಹದಿಂದ ಹೊರಡುವ ಯಜಮಾನರು ದರ್ಜಿಯ ಅಂಗಡಿಗೂ ಒಮ್ಮೆ ಹೋಗಿಬರಲಿ. ಸೀಮಂತಕ್ಕೆ ಒಂದೇ ದಿನ ಉಡುವ ಜರಿ ಸೀರೆಯ ಜೊತೆಗೆ ಅತ್ತೆಯವರು ಆರು ತಿಂಗಳು ಉಡುವ ನಾಲ್ಕು ರವಿಕೆಗಳನ್ನೂ ಮಡಿಲಿಗಿಡಲಿ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತೇವೆ. ಹುಟ್ಟಿದ ಕೂಸಿಗೆ ಮೆತ್ತನೆಯ ಬಟ್ಟೆ ಹುಡುಕುವ ನಾವು, ಅದೇ ದಿನ ಮರುಹುಟ್ಟು ಪಡೆದವಳಿಗೂ ಒಂದಿಷ್ಟು ಹುಡುಕಿದರೆ ಆ ಮಾತಿಗೆ ಅರ್ಥ ಬಂದೀತು.