ವಾಲ್ವ್ ಆಂಪ್ಲಿಫೈಯರಿಗೆ ಎಂತಹ ಟ್ರಾನ್ಸ್‌ಫಾರ್ಮರ್?

ಪ್ರಶ್ನೆ: ಭಾರತ್ ಎಲೆಕ್ಟ್ರಾನಿಕ್ಸಿನ ಹಳೆಯ ಇಎಲ್84 ವಾಲ್ವ್ ಎರಡು, ಇಸಿಸಿ83 ಒಂದು ನನ್ನಲ್ಲಿವೆ. ಎಡಬಲಕ್ಕೆ ಒಂದೊಂದು ಇಎಲ್84 ಇರುವ ಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟಲು ಎಂತಹ ಪವರ್ ಟ್ರಾನ್ಸ್‌ಫಾರ್ಮರ್ ಬೇಕು? – ಓದುಗರು, ಮಾರ್ಕೋನಹಳ್ಳಿ

ಉತ್ತರ: ವಾಲ್ವಿಗೆ ಎರಡು ಬಗೆಯ ವಿದ್ಯುತ್ತು ಅವಶ್ಯಕ: ಕ್ಯಾಥೋಡನ್ನು ಕಾಯಿಸಿ ಎಲೆಕ್ಟ್ರಾನುಗಳನ್ನು ಹೊರಡಿಸಲು ಅಲ್ಪ ವೋಲ್ಟೇಜಿನದು, ಹಾಗೆ ಹೊರಟವನ್ನು ಆನೋಡಿನತ್ತ ಸೆಳೆಯಲು ಉಚ್ಚ ವೋಲ್ಟೇಜಿನದು. ಶಿಂಷೆಗೆ ಅಡ್ಡಲಾಗಿ ಕಟ್ಟಿದ ನಿಮ್ಮೂರಿನ ಜಲಾಶಯವನ್ನೇ ನೋಡಿರಿ: ನೀರಿನ ಮಟ್ಟ ಏರಿದಷ್ಟೂ ತೂಬಿನಲ್ಲಿ ಒತ್ತಡ ಹೆಚ್ಚುವುದು, ಅದು ವೋಲ್ಟು, ಏಕಕಾಲದಲ್ಲಿ ಎಷ್ಟು ಗದ್ದೆಗೆ ನೀರುಣಿಸಬಹುದೆಂಬುದು ನಾಲೆಯ ಗಾತ್ರವನ್ನು ಅವಲಂಬಿಸಿರುವುದು, ಅದು ಆಂಪಿಯರು. ಮಟ್ಟ ಸರಿಯಾಗಿಯೇ ಇರಬೇಕು. ನಾಲೆ ತುಸು ಅಗಲವಾಗಿದ್ದರೆ ಕ್ಷೇಮ.

ಕ್ಯಾಥೋಡನ್ನು ಕಾಯಿಸಲು ಒಂದೊಂದು ಇಎಲ್84 0.76 ಆಂಪಿಯರನ್ನೂ ಇಸಿಸಿ83 0.3 ಆಂಪಿಯರನ್ನೂ ಬೇಡುವುದರಿಂದ ಒಟ್ಟು 1.82 ಆಗುವುದು, ಆದುದರಿಂದ 6.3 ವೋಲ್ಟಿನ ಸುರುಳಿ 3 ಆಂಪಿಯರಿನದಾಗಿರಲಿ. ಉಚ್ಚ ವೋಲ್ಟೇಜಿನ ಸುರುಳಿ 200-0-200 ವೋಲ್ಟಿನದಾದರೆ, ಸಿಲಿಕಾನ್ ಡಯೋಡುಗಳ ಮೂಲಕ ಬಂದ ಅಲೆಯ ಶಿಖರವನ್ನು ಕೆಪಾಸಿಟರು ಹಿಡಿದಿಡುವುದರಿಂದ, ಸುಮಾರು 270 ವೋಲ್ಟಿನ ಏಕಮುಖ ವಿದ್ಯುತ್ತು ದೊರೆಯುವುದು. ವಾಲ್ವುಗಳು ಸೆಳೆಯುವುದು ಸುಮಾರು 110 ಮಿಲಿಆಂಪಿಯರಾದರೂ ಸುರುಳಿಯ ಸಾಮರ್ಥ್ಯ 150 ಇದ್ದರೆ ಅದು ಕಾದು ಕೆಡದು.

ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿಯುವ ವಿದ್ಯುತ್ತು ಪ್ರಾಣಾಂತಿಕವಾಗಬಲ್ಲದು. ಅದನ್ನು ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರಿನಿಂದ ಪರೀಕ್ಷಿಸದೆ ಒಳಗೆ ಕೈಯಿಡಲೇಬೇಡಿರಿ.