ಕಬಡ್ಡಿ ಬಹುಮಾನಕ್ಕೂ ಮೂವತ್ತು ಪರ್ಸೆಂಟ್ ತೆರಿಗೆಯೇ?

ಸುಗ್ಗಿ ಕೆಲಸ ಮುಗಿಯುತ್ತಿದ್ದಂತೆ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬದ ಗೋಡೆಗಳ ಮೇಲೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಪೋಸ್ಟರ್ ಏಳುತ್ತವೆ. ಮೇಲೆ ದಾನಿಗಳ ಫೋಟೊ, ನಡುವೆ ಪ್ರಥಮ, ದ್ವಿತೀಯ ಬಹುಮಾನದ ಮೊತ್ತ, ಅದರ ಕೆಳಗೆ ಪ್ರವೇಶ ಶುಲ್ಕ, ತೀರಾ ಕೊನೆಯಲ್ಲಿ ಸಣ್ಣಕ್ಷರದಲ್ಲಿ ‘ತೀರ್ಪುಗಾರರ ತೀರ್ಮಾನವೇ ಅಂತಿಮ’. ಆಡಲು ಇಳಿಯುವವರಲ್ಲಿ ಬಹಳಷ್ಟು ಜನ ಇಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಹುಡುಗರು. ಗೆದ್ದ ಹಣ ವೇದಿಕೆಯ ಮೇಲೆ ಕವರಿನಲ್ಲಿ ಕೈ ಸೇರುತ್ತದೆ. ಅದಕ್ಕೆ ರಸೀದಿಯೂ ಇಲ್ಲ, ಖಾತೆಗೆ ಜಮೆಯೂ ಇಲ್ಲ. ಯಾಕೆಂದು ಕೇಳಿದರೆ ಬರುವ ಉತ್ತರ ಒಂದೇ: “ಬ್ಯಾಂಕಿಗೆ ಹಾಕಿದ್ರೆ ಮೂವತ್ತು ಪರ್ಸೆಂಟ್ ಟ್ಯಾಕ್ಸ್ ಹಿಡೀತಾರೆ ಸಾರ್.”

ಈ ಮೂವತ್ತು ಪರ್ಸೆಂಟ್ ಸುಳ್ಳಲ್ಲ, ಆದರೆ ಅದು ಕಬಡ್ಡಿಗೆ ಸೇರಿದ್ದಲ್ಲ. ಲಾಟರಿ, ಇಸ್ಪೀಟು, ಕುದುರೆ ಜೂಜು, ಟೀವಿಯ ಬಹುಮಾನದ ಆಟಗಳ ಗೆಲುವಿಗೆ ಆ ದರ. 2023ರ ಏಪ್ರಿಲ್‌ನಿಂದ ಆನ್‌ಲೈನ್ ಆಟಗಳಲ್ಲಿ ಗೆದ್ದ ಹಣಕ್ಕೂ ಅದೇ ದರ ಬಂತು. ಮೊಬೈಲಿನಲ್ಲಿ ಕ್ರಿಕೆಟ್ ತಂಡ ಕಟ್ಟಿ ದುಡ್ಡು ಹೂಡುತ್ತಿದ್ದ ಹುಡುಗರಿಗೆ ತೆರಿಗೆ ಕಡಿತದ ಸಂದೇಶ ಬರುತ್ತಿದ್ದುದು ಅದಕ್ಕೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಮಾಡಿತು. ಆಟ ನಿಂತರೂ ಭಯ ನಿಲ್ಲಲಿಲ್ಲ. ಮೈಮುರಿದು ಆಡಿ ಗೆದ್ದ ಬಹುಮಾನಕ್ಕೂ ಬಂದು ಅಂಟಿಕೊಂಡಿತು.

ಅಂಕಣದಲ್ಲಿ ಗೆದ್ದದ್ದರ ಲೆಕ್ಕ ಬೇರೆ. ಕೇಂದ್ರ ನೇರ ತೆರಿಗೆ ಮಂಡಳಿ 1986ರ ಜನವರಿ 22ರಂದು ಹೊರಡಿಸಿದ 447ನೇ ಸುತ್ತೋಲೆ, ಆಟವನ್ನೇ ವೃತ್ತಿ ಮಾಡಿಕೊಳ್ಳದವನಿಗೆ ಬಂದ ಪ್ರಶಸ್ತಿ ಹಣ ಉಡುಗೊರೆಯ ಸ್ವರೂಪದ್ದು, ಅದು ಆದಾಯವಲ್ಲ ಎಂದಿತು. ಆಮೇಲೆ ಉಡುಗೊರೆಗೂ ಮಿತಿ ಬಂತು: ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದದ್ದೆಲ್ಲ ಸೇರಿ 50,000 ರೂಪಾಯಿ ದಾಟಿದರೆ ತೆರಿಗೆಯ ಪ್ರಶ್ನೆ ಏಳಬಹುದು. ನಮ್ಮ ಊರಿನ ಪಂದ್ಯದಲ್ಲಿ ಅಷ್ಟು ಯಾರಿಗೆ ಬರುತ್ತದೆ? ತಂಡಕ್ಕೆ 30,000 ಬಂತು ಅನ್ನಿ. ಅಂಕಣದೊಳಗಿನ ಏಳು ಜನ, ಹೊರಗಿನ ಐವರು ಸೇರಿ ಹಂಚಿಕೊಂಡರೆ ತಲೆಗೆ 2,500. ಒಂದು ಜೊತೆ ಒಳ್ಳೆಯ ಶೂ ಬಂದರೆ ಹೆಚ್ಚು. ಇನ್ನೊಂದು ವಿಷಯ: 2025–26ರಿಂದ ಹೊಸ ಪದ್ಧತಿಯಲ್ಲಿ ಸಾಮಾನ್ಯ ಆದಾಯ 12 ಲಕ್ಷದವರೆಗೆ ಇದ್ದರೆ ಕಟ್ಟಬೇಕಾದ ತೆರಿಗೆ ಸೊನ್ನೆ. ಹಾಗಿರುವಾಗ ಹುಡುಗರು ಯಾರಿಗೆ ಹೆದರಬೇಕು? ಖಾತೆಗೆ ಹಾಕಿಸಿಕೊಳ್ಳಲಿ, ಆಯೋಜಕರಿಂದ ಒಂದು ಸಾಲು ಬರೆಸಿಕೊಳ್ಳಲಿ. ಕವರಿನ ಹಣದ ಪಾಲು ಯಾರಿಗೆ ಎಷ್ಟು ಸೇರಿತೆಂಬ ಜಗಳದಲ್ಲಿ ಸೋಲುವವನು ಯಾವಾಗಲೂ ತಂಡದ ಕಿರಿಯ ಹುಡುಗನೇ, ಮತ್ತು ಇದು ನನ್ನನ್ನು ತೆರಿಗೆಗಿಂತ ಹೆಚ್ಚು ಕಾಡುವ ಸಂಗತಿ.

“ಕಾಲೇಜು ಆಟದಿಂದ ದುಡ್ಡು ಮಾಡುತ್ತೆ, ಮಕ್ಕಳಿಗೆ ಕೊಡಲ್ಲ” ಎಂಬ ಮಾತೂ ಇದೆ. ಇದು ಅಮೆರಿಕದ ಸುದ್ದಿ ನೋಡಿ ಬಂದ ಮಾತು. ಅಲ್ಲಿ 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದೊಂದು ವಿಶ್ವವಿದ್ಯಾಲಯವೂ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಅಲ್ಲಿ ಟೀವಿ ಹಕ್ಕು, ಟಿಕೆಟ್‌ನಿಂದ ಹಣ ಬರುತ್ತದೆ. ಕುವೆಂಪು ವಿಶ್ವವಿದ್ಯಾಲಯದ ಅಂತರ ಕಾಲೇಜು ಕಬಡ್ಡಿಗೆ ಯಾರು ಟಿಕೆಟ್ ಕೊಳ್ಳುತ್ತಾರೆ? ಇಲ್ಲಿ ಆಟಕ್ಕೆ ಸಿಗುವ ಹಣದಲ್ಲಿ ವಿದ್ಯಾರ್ಥಿಗಳೇ ಕಟ್ಟಿದ್ದು ಸೇರಿದೆ. ಪ್ರವೇಶದ ರಸೀದಿ ತೆಗೆದು ನೋಡಿ: ಕ್ರೀಡಾ ಶುಲ್ಕ ಎಂದು ಒಂದು ಸಾಲು ಇರುತ್ತದೆ, ಅದರಲ್ಲಿ ವಿಶ್ವವಿದ್ಯಾಲಯದ ಪಾಲೂ ಇರುತ್ತದೆ. ಆಟಕ್ಕೆ ಇಳಿಯದವರೂ ಅದನ್ನು ಕಟ್ಟುತ್ತಾರೆ. ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ಹೋಗಿ ಬರಲು ಕೈಗೆ ಬರುವ ಬಸ್ ಚಾರ್ಜು, ಊಟದ ಭತ್ಯೆ ಆದಾಯವಲ್ಲ, ಖರ್ಚು ಅಷ್ಟೆ.

ಸರ್ಕಾರಿ ಕಾಲೇಜಿಗೆ ಜಿಎಸ್‌ಟಿಯೇ ಇಲ್ಲ ಎನ್ನುವುದು ಅರ್ಧ ನಿಜ. ಶಿಕ್ಷಣ ಸೇವೆಯಾಗಿ ಕಾಲೇಜು ಪಡೆಯುವ ಶುಲ್ಕಕ್ಕೆ ಇಲ್ಲ. ಅಂಗಡಿಯಿಂದ ತರುವ ಚೆಂಡು, ನೆಟ್‌ಗೆ ಇದೆ, ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಕ್ರೀಡಾ ಸಾಮಗ್ರಿಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಕೊಟೇಶನ್ ಬಂದರೆ ದೈಹಿಕ ಶಿಕ್ಷಣ ನಿರ್ದೇಶಕರು ವಾಪಸ್ ಕಳಿಸಬಹುದು.

ಇನ್ನು ದಾನಿಗಳ ವಿಷಯ. “ಹುಡುಗರಿಗೆ ಜೆರ್ಸಿ ಕೊಡಿಸಿದೀನಿ, 80ಜಿಯಲ್ಲಿ ಬಿಡ್ತಾರೆ” ಎನ್ನುವ ವ್ಯಾಪಾರಿಗಳಿದ್ದಾರೆ. ಬಿಡುವುದಿಲ್ಲ. ದಾನಕ್ಕೆ ಸಿಗುವ ಆ ತೆರಿಗೆ ವಿನಾಯಿತಿ ವಸ್ತುವಿಗಲ್ಲ, ಹಣಕ್ಕೆ. ಅದೂ ಅನುಮೋದನೆ ಪಡೆದ ಸಂಸ್ಥೆಗೆ ಕೊಟ್ಟಿರಬೇಕು, ನಗದಾದರೆ 2,000 ರೂಪಾಯಿ ಮೀರಿರಬಾರದು, ಕೊಟ್ಟವರು ಹಳೆಯ ತೆರಿಗೆ ಪದ್ಧತಿಯಲ್ಲೇ ಇರಬೇಕು. ಆದರೆ ಜೆರ್ಸಿಯ ಬೆನ್ನ ಮೇಲೆ ಅಂಗಡಿಯ ಹೆಸರು ಅಚ್ಚಾಗಿದ್ದರೆ ಬಿಲ್ ಇಟ್ಟುಕೊಂಡು ಜಾಹೀರಾತಿನ ಖರ್ಚೆಂದು ವ್ಯಾಪಾರದ ಲೆಕ್ಕದಲ್ಲಿ ತೋರಿಸಬಹುದು. ಅಡಿಕೆ, ಶುಂಠಿ, ಮೆಕ್ಕೆಜೋಳದ ಬೆಳೆಗಾರರಿಗೆ ಕೃಷಿ ಆದಾಯದ ಮೇಲೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಬೇರೆ ಆದಾಯವಿಲ್ಲದವರಿಗೆ ವಿನಾಯಿತಿಯ ಮಾತೇ ಬರುವುದಿಲ್ಲ. ಸೊರಬ, ಶಿಕಾರಿಪುರದ ಪಂದ್ಯಗಳಿಗೆ ಅವರು ಕೊಡುವುದು ಆಟದ ಮೇಲಿನ ಪ್ರೀತಿಯಿಂದ, ಅದಕ್ಕೆ ನಾವು ಋಣಿಗಳು.

ತೆರಿಗೆ ನಿಜವಾಗಿ ಶುರುವಾಗುವುದು ಹುಡುಗನೊಬ್ಬ ಪ್ರೊ ಕಬಡ್ಡಿಯಂಥ ಲೀಗಿಗೆ ಆಯ್ಕೆಯಾದಾಗ. ಅಲ್ಲಿ ಸಿಗುವುದು ಸಂಭಾವನೆ, ವೃತ್ತಿಯ ಆದಾಯ. ಒಂದು ವರ್ಷದಲ್ಲಿ 50,000 ದಾಟಿದರೆ ಕೊಡುವವರು ಶೇ. 10 ಟಿಡಿಎಸ್ ಹಿಡಿದೇ ಕೊಡುತ್ತಾರೆ. ಪ್ಯಾನ್ ಕೊಡದಿದ್ದರೆ ಕಡಿತ ಶೇ. 20. ಹಿಡಿದ ಹಣ ಹೋಯಿತೆಂದು ಮನೆಯವರು ಕೈಚೆಲ್ಲಬಾರದು: ವರ್ಷದ ಒಟ್ಟು ಆದಾಯ ಮಿತಿಯೊಳಗಿದ್ದರೆ ಹುಡುಗನ ಹೆಸರಿನಲ್ಲಿ ರಿಟರ್ನ್ ಸಲ್ಲಿಸಿದಾಗ ಅಷ್ಟೂ ಹಣ ಅವನ ಖಾತೆಗೆ ವಾಪಸ್ ಬರುತ್ತದೆ.