ಕಾರ್ ಓಡಿಸೋಕೆ ಬರುತ್ತೆ, ಪಾರ್ಕ್ ಮಾಡೋಕೆ ಭಯ: ಇಕ್ಕಟ್ಟು ರಸ್ತೆಯಲ್ಲಿ ರಿವರ್ಸ್ ಹಾಕಿ ನಿಲ್ಲಿಸೋದು ಹೇಗೆ?

ಬೆಂಗಳೂರು: ಮೈಸೂರಿಗೆ ಹೋಗಿ ಬರುವಷ್ಟು ಡ್ರೈವಿಂಗ್ ಗೊತ್ತು. ಆದ್ರೆ ಗಾಂಧಿ ಬಜಾರ್‌ನಲ್ಲಿ ಎರಡು ಕಾರ್‌ಗಳ ನಡುವೆ ಜಾಗ ಕಂಡರೆ ಕೈ ನಡುಗುತ್ತೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಲ್ಲಿ ಹೊಸದಾಗಿ ಕಾರ್ ಓಡಿಸುವ ಹಲವರ ಕಷ್ಟ ಇದು. ಎರಡು ರೌಂಡ್ ಹೊಡೆದು ಮನೆಗೆ ವಾಪಸ್ ಹೋದರೆ ಅಂಗಡಿಯವರಿಗೆ ಒಂದು ವ್ಯಾಪಾರ ಹೋಯ್ತು. ‘ಎರಡೇ ನಿಮಿಷ’ ಅಂತ ನಿಂತ ಕಾರಿನ ಪಕ್ಕದಲ್ಲೇ ನಿಲ್ಲಿಸಿ ಇಳಿದರೆ ಇಡೀ ರಸ್ತೆ ಜಾಮ್. ಹಾಗೆ ನಿಲ್ಲಿಸೋದು ಕಾನೂನಿನ ಪ್ರಕಾರವೂ ತಪ್ಪು.

ಚಾಮರಾಜಪೇಟೆ ಶುರುವಾಗಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗ್ ಆಸುಪಾಸಿನಲ್ಲಿ. ಜಟಕಾ, ಎತ್ತಿನಗಾಡಿ ಕಾಲದ ರಸ್ತೆಗಳಿವು. ರಸ್ತೆ ಅಗಲ ಆಗಲ್ಲ, ಕೈ ಪಳಗಬೇಕು ಅಷ್ಟೇ.

ನಿಧಾನವೇ ಅರ್ಧ ಕೆಲಸ

ಮಲ್ಪೆ, ಮಂಗಳೂರಿನ ದಕ್ಕೆಗೆ ದೋಣಿ ತರುವವರಿಗೂ ಇದೇ ಸವಾಲು. ಇಕ್ಕಟ್ಟು ಜಾಗ, ಅಕ್ಕಪಕ್ಕ ಬೇರೆ ದೋಣಿ. ದೋಣಿಗೆ ಬ್ರೇಕ್ ಇಲ್ಲ, ಮೇಲಿಂದ ಗಾಳಿ ತಳ್ಳುತ್ತೆ. ಹಾಗಾಗಿ ದೂರದಿಂದಲೇ ವೇಗ ಇಳಿಸಿಕೊಂಡು ಬರಬೇಕು. ಕಾರಿಗೆ ಬ್ರೇಕ್ ಇದೆ, ಬೇಕಾದಲ್ಲಿ ನಿಲ್ಲಿಸಿ ನೋಡಬಹುದು. ನಡೆಯುವ ವೇಗಕ್ಕಿಂತ ಕಡಿಮೆ ಇದ್ದರೆ ತಪ್ಪಾದರೂ ತಿದ್ದಿಕೊಳ್ಳಲು ಟೈಮ್ ಸಿಗುತ್ತೆ.

ಹಂತ ಹಂತವಾಗಿ

* ಮೊದಲು ಜಾಗ ಅಳೆಯಿರಿ. ಕಾರಿನ ಉದ್ದಕ್ಕಿಂತ ಸುಮಾರು ಐದು ಅಡಿ ಹೆಚ್ಚಿದ್ದರೆ ಹೊಸಬರಿಗೂ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಬಿಟ್ಟು ಮುಂದೆ ಹೋಗಿ.
* ಎಡ ಇಂಡಿಕೇಟರ್ ಹಾಕಿ, ಖಾಲಿ ಜಾಗದ ಮುಂದಿರುವ ಕಾರಿನ ಪಕ್ಕಕ್ಕೆ ಎರಡು ಅಡಿ ಬಿಟ್ಟು ನಿಲ್ಲಿ. ಎರಡೂ ಕಾರಿನ ಹಿಂದಿನ ಬಂಪರ್ ಒಂದೇ ಸಾಲಿಗೆ ಬರಲಿ.
* ಹಿಂದೆ ನೋಡಿಕೊಂಡು ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ರಿವರ್ಸ್ ಬನ್ನಿ. ಹಿಂದೆ ನಿಂತ ಕಾರಿನ ಮುಂಭಾಗ ನಿಮ್ಮ ಬಲ ಮಿರರ್‌ನಲ್ಲಿ ಪೂರ್ತಿ ಕಂಡಾಗ ನಿಲ್ಲಿಸಿ.
* ಸ್ಟೇರಿಂಗ್ ನೇರ ಮಾಡಿ ಹಿಂದೆ ಬನ್ನಿ. ನಿಮ್ಮ ಕಾರಿನ ಮುಂದಿನ ಎಡಮೂಲೆ ಮುಂದಿನ ಕಾರಿನ ಬಂಪರ್ ದಾಟುತ್ತಿದ್ದಂತೆ ಪೂರ್ತಿ ಬಲಕ್ಕೆ ತಿರುಗಿಸಿ ಒಳಗೆ ಸೇರಿಸಿ.
* ಸರಿ ಬರಲಿಲ್ವಾ? ಒಳಗೇ ಒದ್ದಾಡಬೇಡಿ. ಪೂರ್ತಿ ಆಚೆ ಬಂದು ಮತ್ತೆ ಮೊದಲಿನಿಂದ ಶುರು ಮಾಡಿ. ಪಳಗಿದವರೂ ಎರಡನೇ ಸಲ ಹಾಕ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ.

ಹಾರ್ನ್ ಹೊಡೆದರೆ?

ಬಹಳ ಸಲ ಕಾರ್ ತಾಗುವುದು ಗಡಿಬಿಡಿಯಲ್ಲಿ. ಹಿಂದಿನವರು ಹಾರ್ನ್ ಹೊಡೆದರೆ ಇಂಡಿಕೇಟರ್ ಹಾಗೇ ಇರಲಿ, ನೇರ ನಿಂತು ಅವರನ್ನು ಮುಂದೆ ಬಿಡಿ. ಹತ್ತು ಸೆಕೆಂಡ್ ಹೋದರೆ ಹೋಗಲಿ, ಬಂಪರ್ ಉಳಿಯುತ್ತೆ.

ಇಳಿಯುವಾಗ ಬಲಗಡೆ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಮೈ ತಾನಾಗೇ ಹಿಂದಕ್ಕೆ ತಿರುಗಿ, ಬರುವ ಸ್ಕೂಟರ್, ಸೈಕಲ್ ಕಾಣುತ್ತೆ. ತಟ್ಟನೆ ತೆರೆದ ಬಾಗಿಲಿಗೆ ಬಡಿದು ಬಿದ್ದವರ ಜೀವಕ್ಕೇ ಅಪಾಯ. ಇಳಿಜಾರಿದ್ದರೆ ಹ್ಯಾಂಡ್ ಬ್ರೇಕ್ ಜೊತೆ ಗೇರ್‌ನಲ್ಲೂ ಬಿಡಿ.

ಪ್ರಾಕ್ಟೀಸ್ ಎಲ್ಲಿ?

ಗೌರಿ-ಗಣೇಶ, ಆಯುಧ ಪೂಜೆಯ ಹಿಂದಿನ ದಿನ ಗಾಂಧಿ ಬಜಾರ್ ಕಡೆ, ಕಡಲೆಕಾಯಿ ಪರಿಷೆ ವೇಳೆ ಬುಲ್ ಟೆಂಪಲ್ ರಸ್ತೆ ಕಡೆ ಕಲಿಯೋಕೆ ಹೋಗಬೇಡಿ. ಭಾನುವಾರ ಬೆಳಗ್ಗೆ ನಿಮ್ಮ ಮನೆ ಹತ್ತಿರದ ಖಾಲಿ ಕ್ರಾಸ್ ಸಾಕು. ಕಾರ್ ಬದಲು ನಾಲ್ಕು ರಟ್ಟಿನ ಡಬ್ಬ ಇಟ್ಟುಕೊಳ್ಳಿ, ತಾಗಿದರೂ ನಷ್ಟವಿಲ್ಲ. ಎಲ್‌ಎಲ್ ಮಾತ್ರ ಇದ್ದರೆ ಪಕ್ಕದಲ್ಲಿ ಡಿಎಲ್ ಇರುವವರು ಕೂರಲೇಬೇಕು. ಅಲ್ಲಿ ಕೈ ಕೂತ ಮೇಲೆ ಅಂಗಡಿ ತೆರೆಯುವ ಹೊತ್ತಿಗೆ, ಆಮೇಲೆ ಸಂಜೆ ರಶ್‌ಗೆ ಬನ್ನಿ.

ಅಂಗಡಿಯವರೂ ಕೈಜೋಡಿಸಬಹುದು. ಮೂರು ಜನ ಮೂರು ಕಡೆಯಿಂದ ‘ಬಾ ಬಾ, ಕಟ್ ಮಾಡಿ’ ಅಂದರೆ ಡ್ರೈವರ್ ಯಾರ ಮಾತು ಕೇಳಬೇಕು? ಒಬ್ಬರೇ, ಕಾರಿನ ನೇರ ಹಿಂದೆ ನಿಲ್ಲದೆ, ಮಿರರ್‌ನಲ್ಲಿ ಕಾಣುವಂತೆ ಬದಿಗೆ ನಿಂತು ಕೈ ತೋರಿಸಿ. ಜಾಗ ಹಿಡಿಯಲು ಇಟ್ಟ ಕಲ್ಲು, ಸ್ಟೂಲ್ ತೆಗೆಯಿರಿ. ಸಲೀಸಾಗಿ ಪಾರ್ಕ್ ಮಾಡಿದ ಗಿರಾಕಿ ಮುಂದಿನ ವಾರವೂ ಬರ್ತಾರೆ.